ಪೊಟ್ಟಣದ ಮೇಲಿನ ಕಪ್ಪು ಮುದ್ರೆ: ಆರೋಗ್ಯಕರ ಆಹಾರ ಮತ್ತು ಕಾನೂನಿನ ಹೊಣೆ



2016ರ ಜೂನ್ 27ರಂದು ದಕ್ಷಿಣ ಅಮೆರಿಕದ ಚಿಲಿ ದೇಶದಲ್ಲಿ ಒಂದು ಕಾನೂನು ಜಾರಿಗೆ ಬಂತು. ಅಂಗಡಿಯ ಕಪಾಟುಗಳಲ್ಲಿದ್ದ ಬಿಸ್ಕತ್ತು, ಚಾಕೊಲೇಟು, ತಂಪು ಪಾನೀಯ, ಮೊಸರು, ಬೆಳಗಿನ ತಿಂಡಿಯ ಡಬ್ಬಿಗಳ ಮುಂಬದಿಯಲ್ಲಿ ಎಂಟು ಮೂಲೆಯ ಕಪ್ಪು ಮುದ್ರೆಗಳು ಕಾಣಿಸಿಕೊಂಡವು. ರಸ್ತೆಯಲ್ಲಿ ವಾಹನ ನಿಲ್ಲಿಸಲು ಹೇಳುವ ಫಲಕದ ಆಕಾರವೇ ಅವಕ್ಕೆ. ಒಳಗೆ ಬಿಳಿ ಅಕ್ಷರದಲ್ಲಿ ಎರಡು ಮೂರು ಪದ: ‘ಸಕ್ಕರೆ ಹೆಚ್ಚು’, ‘ಸೋಡಿಯಂ ಹೆಚ್ಚು’, ‘ಸ್ಯಾಚುರೇಟೆಡ್ ಕೊಬ್ಬು ಹೆಚ್ಚು’, ‘ಕ್ಯಾಲೊರಿ ಹೆಚ್ಚು’. ಅದರ ಕೆಳಗೆ ಆರೋಗ್ಯ ಸಚಿವಾಲಯದ ಹೆಸರು. ಕೆಲವು ಪೊಟ್ಟಣಗಳ ಮೇಲೆ ಒಂದು ಮುದ್ರೆ, ಕೆಲವದರ ಮೇಲೆ ಎರಡು ಮೂರು, ಇನ್ನು ಕೆಲವದರ ಮೇಲೆ ನಾಲ್ಕೂ.

ಈ ಉಪನ್ಯಾಸಕ್ಕೆ ಚಿಲಿಯನ್ನು ಮೊದಲು ಆರಿಸಿಕೊಳ್ಳಲು ಕಾರಣವಿದೆ. ಅದು ಹೊಟ್ಟೆ ತುಂಬಿದ ಶ್ರೀಮಂತ ದೇಶವೊಂದರ ಕಥೆಯಲ್ಲ. ಇಪ್ಪತ್ತನೆಯ ಶತಮಾನದ ನಡುವಿನವರೆಗೂ ಅಲ್ಲಿ ಮಕ್ಕಳು ಅಪೌಷ್ಟಿಕತೆಯಿಂದ ಸಾಯುತ್ತಿದ್ದರು. ಫರ್ನಾಂಡೊ ಮಾಂಕೆಬರ್ಗ್ ಎಂಬ ಮಕ್ಕಳ ವೈದ್ಯರು ಮತ್ತು ಅವರ ಪೀಳಿಗೆಯವರು ಹಾಲು ಹಂಚಿಕೆ, ತಾಯಂದಿರ ಆರೈಕೆ, ಕುಡಿಯುವ ನೀರು, ಪೋಷಣಾ ಕೇಂದ್ರಗಳ ಮೂಲಕ ಆ ಹಸಿವಿನೊಡನೆ ದಶಕಗಳ ಕಾಲ ಹೋರಾಡಿದರು, ಗೆದ್ದರು. ಗೆಲುವಿನ ಬೆನ್ನಿಗೇ ಇನ್ನೊಂದು ಕಷ್ಟ ಬಂತು. ಕಪ್ಪು ಮುದ್ರೆ ಬರುವ ಹೊತ್ತಿಗೆ ಚಿಲಿಯ ಒಂದನೆಯ ತರಗತಿಯ ಮಕ್ಕಳಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ಅಧಿಕ ತೂಕ ಇಲ್ಲವೇ ಬೊಜ್ಜು ಇತ್ತು. ಅಜ್ಜಿಯ ಕಾಲದ ಹಸಿವು ಮೊಮ್ಮಕ್ಕಳ ಕಾಲಕ್ಕೆ ಬೊಜ್ಜಾಗಿ ತಿರುಗಲು ಎರಡು ತಲೆಮಾರು ಸಾಕಾಯಿತು. ಕರ್ನಾಟಕದ ಕೇಳುಗರಿಗೆ ಈ ಕಥೆ ದೂರದ್ದೆನಿಸಬಾರದು. ಏಕೆಂಬುದು ಮುಂದೆ ಬರುತ್ತದೆ.

ಕಾನೂನಿನ ಹಿಂದೆ ನಿಂತವರು ಗಿಡೊ ಗಿರಾರ್ಡಿ, ವೃತ್ತಿಯಿಂದ ವೈದ್ಯರು, ಸಂಸತ್ತಿನ ಮೇಲ್ಮನೆಯ ಸದಸ್ಯರು. ಮಸೂದೆ ಮಂಡನೆಯಾದದ್ದು 2007ರಲ್ಲಿ. ಅಂಗೀಕಾರವಾಗಿ 20,606ನೇ ಕಾನೂನು ಎಂಬ ಹೆಸರು ಪಡೆದದ್ದು 2012ರಲ್ಲಿ. ಜಾರಿಗೆ ಬಂದದ್ದು 2016ರಲ್ಲಿ. ನಡುವಿನ ಒಂಬತ್ತು ವರ್ಷ ಸುಮ್ಮನೆ ಕಳೆಯಲಿಲ್ಲ. ಆಹಾರ ಉದ್ಯಮದ ಒತ್ತಡ, ಅಧ್ಯಕ್ಷರ ಆಕ್ಷೇಪ, ವಿಶ್ವ ವ್ಯಾಪಾರ ಸಂಘಟನೆಯಲ್ಲಿ ಅಮೆರಿಕ ಹಾಗೂ ಯುರೋಪಿನ ಪ್ರಶ್ನೆಗಳು, ನಿಯಮಗಳ ಒಕ್ಕಣೆಯ ಮೇಲಿನ ಜಗ್ಗಾಟ ಎಲ್ಲವೂ ನಡೆದವು. ಚಿಲಿ ವಿಶ್ವವಿದ್ಯಾಲಯದ ಪೋಷಣಾ ವಿಜ್ಞಾನಿಗಳು ಮಾತ್ರ ಒಂದೊಂದು ಆಕ್ಷೇಪಕ್ಕೂ ಅಧ್ಯಯನದ ಉತ್ತರ ಒದಗಿಸುತ್ತ ಹೋದರು. ಒಳ್ಳೆಯ ಕಾನೂನಿಗೆ ಶಾಸಕನ ಹಟವೂ ವಿಜ್ಞಾನಿಯ ತಾಳ್ಮೆಯೂ ಒಟ್ಟಿಗೆ ಬೇಕಾಗುತ್ತವೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಸಿಗುವುದು ಕಷ್ಟ.

ಮಿತಿಗಳನ್ನು ಒಂದೇ ಏಟಿಗೆ ಹೇರಲಿಲ್ಲ. ಮೊದಲ ಹಂತದಲ್ಲಿ ಘನ ಆಹಾರದ 100 ಗ್ರಾಂನಲ್ಲಿ 22.5 ಗ್ರಾಂಗಿಂತ ಹೆಚ್ಚು ಸಕ್ಕರೆ, 800 ಮಿಲಿಗ್ರಾಂಗಿಂತ ಹೆಚ್ಚು ಸೋಡಿಯಂ ಇದ್ದರೆ ಮುದ್ರೆ. ಮೂರು ವರ್ಷಗಳಲ್ಲಿ ಗೆರೆ ಬಿಗಿಯಾಗುತ್ತ ಬಂದು 2019ರಲ್ಲಿ ಸಕ್ಕರೆ 10 ಗ್ರಾಂಗೆ, ಸೋಡಿಯಂ 400 ಮಿಲಿಗ್ರಾಂಗೆ ಇಳಿಯಿತು. ಲೆಕ್ಕ ಎಲ್ಲ ಪದಾರ್ಥಕ್ಕೂ 100 ಗ್ರಾಂಗೆ, ಪಾನೀಯವಾದರೆ 100 ಮಿಲಿಲೀಟರಿಗೆ. ‘ಒಂದು ಬಾರಿಗೆ ತಿನ್ನುವ ಪ್ರಮಾಣ’ ಎಂದು ತಯಾರಕರೇ ಗೊತ್ತುಮಾಡಿದ ಸಣ್ಣ ಅಳತೆಯ ಮರೆಯಲ್ಲಿ ಅಡಗಲು ಅವಕಾಶವಿಲ್ಲ. ಸಕ್ಕರೆ, ಉಪ್ಪು, ಕೊಬ್ಬನ್ನು ಹೊರಗಿನಿಂದ ಬೆರೆಸಿದ ಆಹಾರಕ್ಕಷ್ಟೇ ಇದು ಅನ್ವಯ. ಹಣ್ಣು, ಹಾಲು, ಕಡಲೆಬೀಜಗಳಿಗೆ ಮುದ್ರೆ ಬೀಳುವುದಿಲ್ಲ.

ಮುದ್ರೆ ಬಿದ್ದರೆ ಅದರೊಡನೆ ಇನ್ನೂ ಎರಡು ಪರಿಣಾಮ. ಅಂಥ ಆಹಾರವನ್ನು ಶಾಲೆಯಲ್ಲಿ ಮಾರುವಂತಿಲ್ಲ. 14 ವರ್ಷದೊಳಗಿನ ಮಕ್ಕಳನ್ನು ಸೆಳೆಯುವಂತೆ ಜಾಹೀರಾತು ಮಾಡುವಂತಿಲ್ಲ, ಪೊಟ್ಟಣದ ಮೇಲೆ ಚಿತ್ರಪಾತ್ರಗಳನ್ನು ಹಾಕುವಂತಿಲ್ಲ, ಒಳಗೆ ಆಟಿಕೆ ಇಡುವಂತಿಲ್ಲ. ಸಕ್ಕರೆ ಸವರಿದ ಜೋಳದ ಅವಲಕ್ಕಿಯ ಡಬ್ಬಿಯ ಮೇಲೆ ದಶಕಗಳಿಂದ ನಗುತ್ತಿದ್ದ ‘ಟೋನಿ’ ಹುಲಿ ಚಿಲಿಯಲ್ಲಿ ಮಾಯವಾಯಿತು. ಆಟಿಕೆ ಅಡಗಿಸಿಟ್ಟ ಚಾಕೊಲೇಟ್ ಮೊಟ್ಟೆಯೂ ಹೋಯಿತು. ಕೆಲಾಗ್ಸ್, ಪೆಪ್ಸಿಕೋದಂಥ ಕಂಪನಿಗಳು ನ್ಯಾಯಾಲಯದ ಮೆಟ್ಟಿಲೇರಿದವು. 2018ರಿಂದ ಬೆಳಗಿನ 6ರಿಂದ ರಾತ್ರಿ 10ರವರೆಗೆ ಟಿ.ವಿ.ಯಲ್ಲಿ ಇಂಥ ಆಹಾರದ ಜಾಹೀರಾತೂ ನಿಂತಿತು.

ಇಷ್ಟೆಲ್ಲ ನಿರ್ಬಂಧಗಳಲ್ಲಿ ಉಣ್ಣುವವರ ಮೇಲೆ ಹೇರಿದ್ದು ಒಂದೂ ಇಲ್ಲ ಎಂಬುದನ್ನು ಕೇಳುಗರು ಗಮನಿಸಬೇಕು. ಚಿಲಿಯ ಯಾವ ನಾಗರಿಕನಿಗೂ ಚಾಕೊಲೇಟು ತಿನ್ನಬೇಡ ಎಂದು ಸರ್ಕಾರ ಹೇಳಲಿಲ್ಲ, ತಿಂದವರಿಗೆ ದಂಡ ಹಾಕಲಿಲ್ಲ. ತಯಾರಿಸುವವರಿಗೆ, ಮಾರುವವರಿಗೆ, ಜಾಹೀರಾತು ಕೊಡುವವರಿಗೆ ಮಾತ್ರ ಹೇಳಿತು. ಈ ಉಪನ್ಯಾಸದ ವಾದವೂ ಅದೇ: ಬೊಜ್ಜನ್ನು ತಡೆಯಲು ಹೊರಟ ಕಾನೂನು ಕೈ ಹಾಕಬೇಕಾದದ್ದು ಉಣ್ಣುವವರ ತಟ್ಟೆಗಲ್ಲ. ತಯಾರಕರ ಪಾಕ, ಪೊಟ್ಟಣದ ಮುಂಬದಿ, ಅಂಗಡಿಯ ಬೆಲೆ, ಮಕ್ಕಳ ಕಣ್ಣಿಗೆ ಬೀಳುವ ಜಾಹೀರಾತು, ಶಾಲೆಯ ಗೇಟು, ಇವು ಅದರ ಕ್ಷೇತ್ರ.

‘ಊಟ ಬಲ್ಲವನಿಗೆ ರೋಗವಿಲ್ಲ’ ಎಂಬ ಗಾದೆಯನ್ನು ಕೇಳಿ ಬೆಳೆದ ನಾಡಿನಲ್ಲಿ ಈ ವಾದಕ್ಕೆ ಒಡನೆಯೇ ಒಂದು ಎದುರುಮಾತು ಏಳುತ್ತದೆ. ತಿನ್ನುವವರಿಗೆ ಸಂಯಮವಿದ್ದರೆ ಸಾಕಲ್ಲವೇ, ಕಾನೂನು ಯಾಕೆ? ಗಾದೆ ಸುಳ್ಳಲ್ಲ. ಆದರೆ ಅದು ಹುಟ್ಟಿದ ಕಾಲದಲ್ಲಿ ಊಟ ಬಲ್ಲವನಾಗುವುದು ಸಾಧ್ಯವಿತ್ತು. ಮುದ್ದೆಗೆ ಹಾಕಿದ ರಾಗಿ, ಸಾರಿಗೆ ಬಿದ್ದ ಉಪ್ಪು, ಒಗ್ಗರಣೆಯ ಎಣ್ಣೆ ಎಲ್ಲವೂ ಮನೆಯವರ ಕಣ್ಣೆದುರಿಗಿದ್ದವು. ಇಂದು ಐದು ರೂಪಾಯಿಯ ಕುರುಕಲು ಪೊಟ್ಟಣದ ಹಿಂಬದಿಯಲ್ಲಿ, ಸಾಸಿವೆ ಕಾಳಿಗಿಂತ ಚಿಕ್ಕ ಇಂಗ್ಲಿಷ್ ಅಕ್ಷರದಲ್ಲಿ, ಅಂಕಿಗಳ ಪಟ್ಟಿಯಾಗಿ ಆ ತಿಳಿವಳಿಕೆ ಅಡಗಿದೆ. ಅದನ್ನು ಓದಿ, ಗ್ರಾಂ ಲೆಕ್ಕ ಹಾಕಿ, ತನ್ನ ಮಗುವಿಗೆ ಇದು ಅತಿಯಾಯಿತೋ ಇಲ್ಲವೋ ಎಂದು ತೀರ್ಮಾನಿಸುವ ಕೆಲಸವನ್ನು ಕೂಲಿ ಮುಗಿಸಿ ಮನೆಗೆ ಹೊರಟ ತಾಯಿಯ ಹೆಗಲಿಗೆ ಹಾಕುವುದು ನ್ಯಾಯವಲ್ಲ. ಒಳಗೆ ಏನಿದೆ ಎಂಬುದು ಮಾರುವವರಿಗೆ ಪೂರ್ತಿ ಗೊತ್ತು, ಕೊಳ್ಳುವವರಿಗೆ ಗೊತ್ತಿಲ್ಲ. ಈ ಅಂತರವನ್ನು ತುಂಬುವುದು ಕಾನೂನಿನ ಹಳೆಯ ಕೆಲಸ. ತೂಕ ಮತ್ತು ಅಳತೆಯ ಕಾನೂನುಗಳು ಹುಟ್ಟಿದ್ದೂ ಇದಕ್ಕಾಗಿಯೇ.

ಚಿಲಿಯ ಫಲಿತಾಂಶವೇನು? ಕಾನೂನಿನ ಮೊದಲ ಹಂತದಲ್ಲಿ ಮುದ್ರೆ ಬಿದ್ದ ಪಾನೀಯಗಳ ಖರೀದಿ ಸುಮಾರು ಶೇ 24ರಷ್ಟು ಇಳಿಯಿತೆಂದು ಮನೆಗಳ ಖರೀದಿ ದಾಖಲೆ ಆಧರಿಸಿದ ಅಧ್ಯಯನ ತೋರಿಸಿದೆ. ಅದಕ್ಕಿಂತ ಮುಖ್ಯವಾದುದು ಕಾರ್ಖಾನೆಯೊಳಗೆ ನಡೆಯಿತು. ಮುದ್ರೆಯ ಮಿತಿ ಮೀರಿದ ಉತ್ಪನ್ನಗಳ ಪಾಲು ಶೇ 51ರಿಂದ 44ಕ್ಕೆ ಬಂತು. ಹಣೆಗೆ ಕಪ್ಪು ಗುರುತು ಬೇಡವೆಂದು ತಯಾರಕರು ಪಾಕವನ್ನೇ ಬದಲಿಸಿದರು. ಒಬ್ಬ ಗ್ರಾಹಕರೂ ಮುದ್ರೆಯನ್ನು ಓದದಿದ್ದರೂ ಅವರು ತಿನ್ನುವ ಸಕ್ಕರೆ ಕಡಿಮೆಯಾಗುವ ದಾರಿ ಇದು.

ಕುಂದುಗಳೂ ಇವೆ, ಅವನ್ನು ಮುಚ್ಚಿಡಬೇಕಿಲ್ಲ. ಸಕ್ಕರೆ ತೆಗೆದ ಹಲವು ತಯಾರಕರು ಆ ಜಾಗಕ್ಕೆ ಸುಕ್ರಲೋಸ್‌ನಂಥ ಕೃತಕ ಸಿಹಿಯನ್ನು ತಂದರು. ಮಕ್ಕಳ ನಾಲಗೆಯ ಸಿಹಿಚಟ ಹಾಗೆಯೇ ಉಳಿಯಿತು. ನಾಲ್ಕು ವರ್ಷದ ಬಳಿಕ, 2020ರಲ್ಲಿ, ಮೆಕ್ಸಿಕೊ ಇದೇ ಬಗೆಯ ಕಪ್ಪು ಮುದ್ರೆ ತಂದಾಗ ‘ಕೃತಕ ಸಿಹಿ ಇದೆ, ಮಕ್ಕಳಿಗೆ ತಕ್ಕುದಲ್ಲ’ ಎಂಬ ಪ್ರತ್ಯೇಕ ಎಚ್ಚರಿಕೆಯನ್ನೂ ಸೇರಿಸಿತು. ಒಂದು ದೇಶದ ಅನುಭವದಿಂದ ಇನ್ನೊಂದು ಕಲಿತದ್ದು ಹೀಗೆ. ಬೊಜ್ಜಿನ ಪ್ರಮಾಣವಂತೂ ಚಿಲಿಯಲ್ಲಿ ಒಂದೆರಡು ವರ್ಷದಲ್ಲಿ ಕುಸಿಯಲಿಲ್ಲ. ಮೂವತ್ತು ವರ್ಷದಲ್ಲಿ ಬಂದದ್ದು ಮೂರು ವರ್ಷದಲ್ಲಿ ಹೋಗಬೇಕೆಂಬ ನಿರೀಕ್ಷೆಯೇ ಸರಿಯಲ್ಲ. ಪೆರು, ಉರುಗ್ವೆ, ಅರ್ಜೆಂಟೀನ, ಕೊಲಂಬಿಯಗಳು ಚಿಲಿಯ ಹಾದಿ ಹಿಡಿದಿರುವುದೇ ಆ ಕಾನೂನಿಗೆ ಸಿಕ್ಕ ಗಟ್ಟಿ ಸಾಕ್ಷ್ಯ.

ಎರಡನೆಯ ಸಾಧನ ತೆರಿಗೆ. ಇಲ್ಲಿ ಮೂರು ದೇಶಗಳ ಅನುಭವ ಮೂರು ಬಗೆಯದು.

ಮೆಕ್ಸಿಕೊ 2014ರ ಜನವರಿಯಿಂದ ಸಿಹಿ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ವರ್ಷ ಖರೀದಿ ಶೇ 5.5, ಎರಡನೆಯ ವರ್ಷ ಶೇ 9.7ರಷ್ಟು ಇಳಿಯಿತು. ಬೆಲೆ ಏರಿದರೆ ಕೊಳ್ಳುವವರು ಹಿಂಜರಿಯುತ್ತಾರೆ ಎಂಬ ಸರಳ ಲೆಕ್ಕ ನಿಜವಾಯಿತು. ಡೆನ್ಮಾರ್ಕ್ 2011ರ ಅಕ್ಟೋಬರಿನಲ್ಲಿ ಸ್ಯಾಚುರೇಟೆಡ್ ಕೊಬ್ಬಿನ ಮೇಲೆ ಕಿಲೋಗೆ 16 ಕ್ರೋನರ್ ತೆರಿಗೆ ಹಾಕಿ, 2013ರ ಆರಂಭಕ್ಕೆ ಹಿಂತೆಗೆದುಕೊಂಡಿತು. ಬೆಣ್ಣೆ, ಗಿಣ್ಣಗಳಂಥ ದಿನಬಳಕೆಯ ಪದಾರ್ಥವೆಲ್ಲ ಅದರೊಳಗೆ ಸಿಕ್ಕಿಕೊಂಡಿತ್ತು, ಜನ ಗಡಿ ದಾಟಿ ಜರ್ಮನಿಯಲ್ಲಿ ಸಾಮಾನು ಕೊಳ್ಳತೊಡಗಿದ್ದರು, ವ್ಯಾಪಾರಿಗಳ ಗೊಣಗಾಟ ಬೇರೆ. ಗುರಿ ಅತಿ ಅಗಲವಾದರೆ ತೆರಿಗೆ ಬಾಳುವುದಿಲ್ಲ.

ಬ್ರಿಟನ್ನಿನ ಮಾದರಿ ಹೆಚ್ಚು ಯೋಚಿಸಿ ಹೆಣೆದದ್ದು. 2016ರ ಮಾರ್ಚಿನ ಬಜೆಟ್ಟಿನಲ್ಲಿ ಘೋಷಣೆ, 2018ರ ಏಪ್ರಿಲಿನಲ್ಲಿ ಜಾರಿ. ಜಾರಿಯಾದಾಗ 100 ಮಿಲಿಲೀಟರಿಗೆ 5 ಗ್ರಾಂಗಿಂತ ಕಡಿಮೆ ಸಕ್ಕರೆಯಿದ್ದರೆ ತೆರಿಗೆಯಿರಲಿಲ್ಲ, 5ರಿಂದ 8 ಗ್ರಾಂ ಇದ್ದರೆ ಲೀಟರಿಗೆ 18 ಪೆನ್ನಿ, 8 ದಾಟಿದರೆ 24 ಇತ್ತು. ಘೋಷಣೆಗೂ ಜಾರಿಗೂ ನಡುವಿನ ಎರಡು ವರ್ಷವೇ ಈ ಯೋಜನೆಯ ಜೀವ. ಆ ಬಿಡುವಿನಲ್ಲಿ ಅರ್ಧಕ್ಕಿಂತ ಹೆಚ್ಚು ತಯಾರಕರು ಸಕ್ಕರೆ ಇಳಿಸಿ ತೆರಿಗೆಯ ಗೆರೆಯ ಕೆಳಗೆ ನುಸುಳಿದರು. ಸರ್ಕಾರಕ್ಕೆ ಬೇಕಿದ್ದದ್ದೂ ಅದೇ. ಹತ್ತು ಹನ್ನೊಂದು ವರ್ಷದ ಹುಡುಗಿಯರಲ್ಲಿ ಬೊಜ್ಜಿನ ಪ್ರಮಾಣ ನಿರೀಕ್ಷಿತ ಮಟ್ಟಕ್ಕಿಂತ ಶೇ 8ರಷ್ಟು ತಗ್ಗಿತೆಂದು ಕೇಂಬ್ರಿಜ್ ಸಂಶೋಧಕರು 2023ರಲ್ಲಿ ಪ್ರಕಟಿಸಿದರು. ಹುಡುಗರಲ್ಲೂ ಇನ್ನೂ ಚಿಕ್ಕ ಮಕ್ಕಳಲ್ಲೂ ಅಂಥ ಇಳಿಕೆ ಕಾಣಲಿಲ್ಲ ಎಂಬುದನ್ನೂ ಅದೇ ಅಧ್ಯಯನ ಹೇಳಿತು.

ಭಾರತದಲ್ಲಿ ಈ ಪ್ರಯೋಗವನ್ನು ಮೊದಲು ಮಾಡಿದ್ದು ಪಕ್ಕದ ಕೇರಳ. 2016ರ ಬಜೆಟ್ಟಿನಲ್ಲಿ ಅಲ್ಲಿನ ಹಣಕಾಸು ಸಚಿವ ಥಾಮಸ್ ಐಸಾಕ್ ಅವರು ಬ್ರ್ಯಾಂಡೆಡ್ ರೆಸ್ಟೊರೆಂಟುಗಳ ಪಿಜ್ಜಾ, ಬರ್ಗರ್ ಮುಂತಾದವುಗಳ ಮೇಲೆ ಶೇ 14.5 ‘ಕೊಬ್ಬಿನ ತೆರಿಗೆ’ ವಿಧಿಸಿದರು. ಮರುವರ್ಷ ಜಿಎಸ್‌ಟಿ ಬಂದು ರಾಜ್ಯಗಳ ಆ ಅಧಿಕಾರವೇ ಹೋಯಿತು. ಈಗ ದೇಶಕ್ಕೆಲ್ಲ ಒಂದೇ ಪಟ್ಟಿ. 2025ರ ಸೆಪ್ಟೆಂಬರ್ 22ರಿಂದ ಸಕ್ಕರೆ ಬೆರೆತ ಗ್ಯಾಸ್ ಪಾನೀಯಗಳಿಗೆ ಶೇ 40 ಜಿಎಸ್‌ಟಿ. ಹಿಂದೆ ಶೇ 28 ತೆರಿಗೆ, 12 ಸೆಸ್ ಇದ್ದದ್ದರಿಂದ ಹೊರೆ ಹೆಚ್ಚುಕಡಿಮೆ ಅಷ್ಟೇ ಉಳಿಯಿತು. ಅದೇ ದಿನದಿಂದ ಬಿಸ್ಕತ್ತು, ಕೇಕು, ಚಾಕೊಲೇಟು, ಐಸ್‌ಕ್ರೀಂ, ಇನ್‌ಸ್ಟಂಟ್ ನೂಡಲ್ಸ್, ಖಾರದ ಕುರುಕಲುಗಳ ತೆರಿಗೆ ಶೇ 12 ಅಥವಾ 18ರಿಂದ 5ಕ್ಕೆ ಇಳಿಯಿತು. ಬೆಲೆ ಇಳಿಕೆಯನ್ನು ಬಡ ಮನೆಗಳು ಸ್ವಾಗತಿಸಿದ್ದು ಸಹಜ, ಅದನ್ನು ಹೀಗಳೆಯಬಾರದು. ಆದರೆ ಅದೇ ವರ್ಷದ ಆರಂಭದಲ್ಲಿ ಮಂಡಿಸಿದ ಕೇಂದ್ರದ ಆರ್ಥಿಕ ಸಮೀಕ್ಷೆಯೇ ಅತಿಸಂಸ್ಕರಿತ ಆಹಾರದ ಮೇಲೆ ಹೆಚ್ಚಿನ ತೆರಿಗೆಯ ಸಲಹೆ ಕೊಟ್ಟಿತ್ತು. ಎರಡು ಕೈಗಳು ಎರಡು ದಿಕ್ಕಿಗೆ ಎಳೆದಂತಾಯಿತು. ಇನ್ನೊಂದು ಕೊರತೆ ಇದಕ್ಕಿಂತ ಆಳದ್ದು: ನಮ್ಮ ಶೇ 40 ತೆರಿಗೆ ಸಕ್ಕರೆಯ ಪ್ರಮಾಣವನ್ನು ಕೇಳುವುದೇ ಇಲ್ಲ. 100 ಮಿಲಿಲೀಟರಿಗೆ ಹತ್ತು ಗ್ರಾಂ ಸಕ್ಕರೆ ಹಾಕಿದವರಿಗೂ ನಾಲ್ಕು ಗ್ರಾಂ ಹಾಕಿದವರಿಗೂ ಒಂದೇ ದರ. ಪಾಕ ಬದಲಿಸಲು ತಯಾರಕರಿಗೆ ಅದರಲ್ಲಿ ಯಾವ ಕಾರಣವೂ ಸಿಗುವುದಿಲ್ಲ.

ಇನ್ನು ಸ್ವಾತಂತ್ರ್ಯದ ಪ್ರಶ್ನೆ. ಏನು ತಿನ್ನಬೇಕೆಂದು ಸರ್ಕಾರ ಹೇಳಹೊರಟರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬ ಆತಂಕ ಭಾರತದಲ್ಲಿ ಸಣ್ಣದಲ್ಲ. ಆಹಾರದ ಹೆಸರಿನಲ್ಲಿ ಜಾತಿ, ಧರ್ಮಗಳನ್ನು ಅಳೆಯುವ ಚಾಳಿ ಇರುವ ಸಮಾಜದಲ್ಲಿ ಈ ಆತಂಕವನ್ನು ಗೌರವದಿಂದಲೇ ಎದುರಿಸಬೇಕು. ಕಾನೂನು ಗ್ರಾಂ ಮತ್ತು ಮಿಲಿಗ್ರಾಂಗಳ ಭಾಷೆಯಲ್ಲಿ ಮಾತ್ರ ಮಾತಾಡಬೇಕು, ಪದ್ಧತಿಗಳ ಭಾಷೆಯಲ್ಲಿ ಅಲ್ಲ. ಅಧಿಕಾರದ ಮಿತಿಯೂ ಸ್ಪಷ್ಟವಿರಬೇಕು. ನ್ಯೂಯಾರ್ಕ್ ನಗರದಲ್ಲಿ ಮೇಯರ್ ಮೈಕೆಲ್ ಬ್ಲೂಮ್‌ಬರ್ಗ್ ಅವರ ಕಾಲದಲ್ಲಿ 16 ಔನ್ಸಿಗಿಂತ ದೊಡ್ಡ ಲೋಟದಲ್ಲಿ ಸಿಹಿ ಪಾನೀಯ ಮಾರುವುದನ್ನು ಆರೋಗ್ಯ ಮಂಡಳಿ ನಿಷೇಧಿಸಿತು. 2014ರಲ್ಲಿ ಅಲ್ಲಿನ ಅತ್ಯುನ್ನತ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಶಾಸನಸಭೆ ಮಾಡಬೇಕಾದ ಕೆಲಸವನ್ನು ಮಂಡಳಿ ತಾನೇ ಮಾಡಹೊರಟಿತೆಂಬುದು ತೀರ್ಪಿನ ತಿರುಳು.

ಇಂಥದೇ ಪಾಠ ಕರ್ನಾಟಕದ ನೆಲದಲ್ಲೂ ಇದೆ. ತಂಬಾಕು ಪೊಟ್ಟಣದ ಶೇ 85ರಷ್ಟು ಭಾಗದಲ್ಲಿ ಚಿತ್ರ ಸಹಿತ ಎಚ್ಚರಿಕೆ ಇರಬೇಕೆಂಬ ಕೇಂದ್ರದ 2014ರ ನಿಯಮಗಳ ವಿರುದ್ಧದ ಅರ್ಜಿಗಳನ್ನು ದೇಶದ ಬೇರೆ ಬೇರೆ ಕಡೆಗಳಿಂದ ಸುಪ್ರೀಂ ಕೋರ್ಟು ಕರ್ನಾಟಕ ಹೈಕೋರ್ಟಿಗೆ ವರ್ಗಾಯಿಸಿತ್ತು. 2017ರ ಡಿಸೆಂಬರಿನಲ್ಲಿ ಹೈಕೋರ್ಟು ಆ ನಿಯಮಗಳನ್ನು ರದ್ದುಪಡಿಸಿತು. ಮರುತಿಂಗಳೇ ಸುಪ್ರೀಂ ಕೋರ್ಟು ಆ ತೀರ್ಪಿಗೆ ತಡೆ ಕೊಟ್ಟಿತು, ಚಿತ್ರಗಳು ಉಳಿದವು. ಜನರ ಆರೋಗ್ಯ ಎಲ್ಲಕ್ಕಿಂತ ಮೊದಲು ಎಂಬ ನಿಲುವು ಆ ತಡೆಯಲ್ಲಿತ್ತು. ಆಹಾರದ ಮೇಲಿನ ಎಚ್ಚರಿಕೆಯೂ ಮುಂದೊಂದು ದಿನ ಇದೇ ಕಟಕಟೆಯಲ್ಲಿ ನಿಲ್ಲಬೇಕಾಗುತ್ತದೆ; ನಿಯಮ ಬರೆಯುವವರು ಈಗಲೇ ಅದಕ್ಕೆ ಸಿದ್ಧರಾಗಿರುವುದು ಒಳಿತು.

ಸಂವಿಧಾನದ ಆಸರೆ ಗಟ್ಟಿಯಾಗಿದೆ. 47ನೇ ವಿಧಿಯನ್ನು ಹೆಚ್ಚಿನವರು ಪಾನನಿಷೇಧದ ವಿಧಿಯೆಂದೇ ನೆನೆಯುತ್ತಾರೆ. ಆದರೆ ಅದು ಶುರುವಾಗುವುದು ಜನರ ಪೌಷ್ಟಿಕತೆಯ ಮಟ್ಟ ಹೆಚ್ಚಿಸುವುದು, ಸಾರ್ವಜನಿಕ ಆರೋಗ್ಯ ಸುಧಾರಿಸುವುದು ರಾಜ್ಯದ ಮೊದಲ ಕರ್ತವ್ಯಗಳ ಸಾಲಿಗೆ ಸೇರಿದ್ದು ಎಂಬ ಮಾತಿನಿಂದ. ಇಷ್ಟಿದ್ದೂ ನಮ್ಮ ಆಹಾರ ಕಾನೂನು ಬೆಳೆದದ್ದು ಬೇರೆ ಚಿಂತೆಯಿಂದ. 1954ರ ಕಾಯ್ದೆಯ ಹೆಸರೇ ಆಹಾರ ಕಲಬೆರಕೆ ತಡೆ ಕಾಯ್ದೆ. ಹಾಲಿಗೆ ನೀರು, ಮೆಣಸಿನ ಪುಡಿಗೆ ಇಟ್ಟಿಗೆ ಪುಡಿ ಬೆರೆಸುವವರನ್ನು ಹಿಡಿಯುವುದು ಅದರ ಗುರಿ. ಬೊಜ್ಜು, ಮಧುಮೇಹ, ಹೃದ್ರೋಗ ತರುವ ಆಹಾರದಲ್ಲಿ ಕಲಬೆರಕೆ ಇರಬೇಕಿಲ್ಲ. ಶುದ್ಧ ಸಕ್ಕರೆ, ಶುದ್ಧ ಎಣ್ಣೆ, ಶುದ್ಧ ಉಪ್ಪು, ಶುದ್ಧ ಮೈದಾ. ಪ್ರಯೋಗಾಲಯದಲ್ಲಿ ಪಾಸಾಗುವ ಪೊಟ್ಟಣವೇ ರೋಗಕ್ಕೆ ದಾರಿಯಾಗಬಲ್ಲದು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ ಸುರಕ್ಷಿತವೂ ಪುಷ್ಟಿಕರವೂ ಆದ ಆಹಾರದ ಮಾತಾಡುತ್ತದೆ ನಿಜ. ಜಾರಿಯ ಮನಸ್ಸು ಇನ್ನೂ ಕಲಬೆರಕೆಯ ಕಾಲದಲ್ಲೇ ಇದೆ.

ಹಾಗೆಂದು ನಮಗೆ ಯಶಸ್ಸೇ ಇಲ್ಲವೆಂದಲ್ಲ. ಸದ್ದಿಲ್ಲದೆ ಆದ ಒಂದು ದೊಡ್ಡ ಕೆಲಸವನ್ನು ಇಲ್ಲಿ ಹೇಳಲೇಬೇಕು. ಎಣ್ಣೆಗೆ ಹೈಡ್ರೋಜನ್ ಹಾಯಿಸಿ ಗಟ್ಟಿ ಮಾಡುವಾಗ ಟ್ರಾನ್ಸ್ ಕೊಬ್ಬು ಹುಟ್ಟುತ್ತದೆ. ಡಾಲ್ಡಾ ಎಂಬ ಹೆಸರಿನಿಂದಲೇ ಜನ ಗುರುತಿಸುವ ವನಸ್ಪತಿ, ಬೇಕರಿಯ ಪಫ್ಸು, ಖಾರ ಬಿಸ್ಕತ್ತುಗಳ ಮೂಲಕ ಅದು ದಶಕಗಳ ಕಾಲ ನಮ್ಮ ರಕ್ತನಾಳ ಸೇರಿತು. ಡೆನ್ಮಾರ್ಕ್ 2003ರಲ್ಲಿ ಇದನ್ನು ಕೊಬ್ಬಿನ ಶೇ 2ಕ್ಕೆ ಮಿತಿಗೊಳಿಸಿದ ಮೊದಲ ದೇಶ. ಭಾರತ 2011ರಲ್ಲಿ ಶೇ 10ರಿಂದ ಆರಂಭಿಸಿ 5ಕ್ಕೆ, 2021ರಲ್ಲಿ 3ಕ್ಕೆ, 2022ರ ಜನವರಿಯಲ್ಲಿ 2ಕ್ಕೆ ತಂದಿತು. ಯಾವ ಗ್ರಾಹಕರೂ ಏನನ್ನೂ ಓದಬೇಕಾಗಲಿಲ್ಲ, ತ್ಯಾಗ ಮಾಡಬೇಕಾಗಲಿಲ್ಲ. ಸಾಯಂಕಾಲದ ಚಹಾದ ಜೊತೆಗಿನ ಬಿಸ್ಕತ್ತು ಉಳಿಯಿತು, ಅದರೊಳಗಿನ ವಿಷ ಇಳಿಯಿತು. ಅಯೋಡಿನ್ ಇಲ್ಲದ ಉಪ್ಪನ್ನು ಊಟಕ್ಕೆ ಮಾರುವುದನ್ನು 2006ರಲ್ಲಿ ಮತ್ತೆ ನಿಷೇಧಿಸಿದ್ದೂ ಇದೇ ಜಾತಿಯ ಕ್ರಮ.

ಇಷ್ಟು ಮಾಡಬಲ್ಲ ದೇಶ ಪೊಟ್ಟಣದ ಮುಂಬದಿಯ ಎಚ್ಚರಿಕೆಯ ಮಟ್ಟಿಗೆ ಮಾತ್ರ ಹತ್ತು ವರ್ಷಕ್ಕೂ ಮೀರಿ ತಡವರಿಸುತ್ತಿದೆ. ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ 2018ರ ಕರಡಿನಲ್ಲಿ ಸಕ್ಕರೆ, ಕೊಬ್ಬು, ಉಪ್ಪು ಹೆಚ್ಚಿದ್ದರೆ ಕೆಂಪು ಗುರುತು ಎಂದಿತ್ತು, ಉದ್ಯಮ ಒಪ್ಪಲಿಲ್ಲ. 2020ರ ಅಂತಿಮ ನಿಯಮದಲ್ಲಿ ಮುಂಬದಿಯ ಎಚ್ಚರಿಕೆಯೇ ಇರಲಿಲ್ಲ. 2022ರ ಸೆಪ್ಟೆಂಬರಿನ ಕರಡು ಎಚ್ಚರಿಕೆಯ ಬದಲು ನಕ್ಷತ್ರಗಳನ್ನು ತಂದಿತು: ಅರ್ಧದಿಂದ ಐದರವರೆಗೆ, ಅದೂ ಮೊದಲ ನಾಲ್ಕು ವರ್ಷ ತಯಾರಕರ ಇಚ್ಛೆಗೆ ಬಿಟ್ಟದ್ದು. ನಕ್ಷತ್ರದ ಲೆಕ್ಕದಲ್ಲಿ ಸಕ್ಕರೆಗೆ ಕಳೆದುಕೊಂಡ ಅಂಕವನ್ನು ನಾರಿನಂಶ, ಪ್ರೋಟೀನ್, ಸಿರಿಧಾನ್ಯದ ಅಂಕಗಳಿಂದ ಮರಳಿ ಗಳಿಸಬಹುದು. ಚಿಟಿಕೆ ರಾಗಿ ಸೇರಿಸಿದ ಸಿಹಿ ಬಿಸ್ಕತ್ತಿಗೂ ಎರಡೋ ಮೂರೋ ನಕ್ಷತ್ರ ಸಿಕ್ಕರೆ, ನೋಡಿದ ತಾಯಿ ಅದನ್ನು ಒಳ್ಳೆಯ ಪದಾರ್ಥವೆಂದೇ ತಿಳಿಯುತ್ತಾಳೆ. ನಕ್ಷತ್ರ ಹೊಗಳಿಕೆಯ ಗುರುತು. ಅದರಿಂದ ಎಚ್ಚರಿಸುವ ಕೆಲಸ ಆಗದು.

ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದರ ಮೇಲೆ ಸುಪ್ರೀಂ ಕೋರ್ಟು 2025ರ ಏಪ್ರಿಲ್ 9ರಂದು, ಮುಂಬದಿಯ ಎಚ್ಚರಿಕೆ ಕುರಿತ ತಜ್ಞರ ಸಮಿತಿ ಮೂರು ತಿಂಗಳಲ್ಲಿ ಶಿಫಾರಸು ಕೊಡಬೇಕೆಂದು ಹೇಳಿತು. ಆ ಗಡುವೂ ಮುಂದಕ್ಕೆ ಹೋಯಿತು.

ಗುರುತಿನ ಭಾಷೆ ಭಾರತಕ್ಕೆ ಹೊಸದಲ್ಲ ಎಂಬುದನ್ನು ನೆನೆಯಬೇಕು. 2001ರಿಂದ ಪ್ರತಿ ಪೊಟ್ಟಣದ ಮೇಲೂ ಸಸ್ಯಾಹಾರದ ಹಸಿರು ಚುಕ್ಕಿ, ಮಾಂಸಾಹಾರದ ಕಂದು ಚುಕ್ಕಿ ಕಡ್ಡಾಯ. ಓದು ಬಾರದ ಅಜ್ಜಿಯೂ ಅದನ್ನು ಅರೆಗಳಿಗೆಯಲ್ಲಿ ಗುರುತಿಸುತ್ತಾಳೆ. ಬಣ್ಣ ಗುರುತಿಸಲಾಗದವರಿಗಾಗಿ ಕಂದು ಚುಕ್ಕಿಯನ್ನು ತ್ರಿಕೋನವಾಗಿ ಬದಲಿಸಿದ್ದೂ ಆಗಿದೆ. ಇಪ್ಪತ್ತೆರಡು ಭಾಷೆಗಳ ದೇಶದಲ್ಲಿ ಅಕ್ಷರಕ್ಕಿಂತ ಆಕೃತಿ ಹೆಚ್ಚು ದೂರ ಹೋಗುತ್ತದೆ ಎಂದು ತಿಳಿದವರು ನಾವೇ. ಆ ಅನುಭವವನ್ನು ಸಕ್ಕರೆ, ಉಪ್ಪಿನ ಮಟ್ಟಿಗೆ ಬಳಸದಿರಲು ಒಪ್ಪತಕ್ಕ ಕಾರಣ ಯಾವುದೂ ಕಾಣುವುದಿಲ್ಲ.

ಈಗ ಕರ್ನಾಟಕದ ಕಡೆ ನೋಡೋಣ. 2019ರಿಂದ 2021ರ ನಡುವೆ ನಡೆದ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಯಸ್ಕರಲ್ಲಿ ಶೇ 30.1ರಷ್ಟು ಮಹಿಳೆಯರಿಗೂ ಶೇ 30.9ರಷ್ಟು ಪುರುಷರಿಗೂ ಅಧಿಕ ತೂಕ ಅಥವಾ ಬೊಜ್ಜು. ದೇಶದ ಸರಾಸರಿ ಕ್ರಮವಾಗಿ 24 ಮತ್ತು 22.9. ಅದೇ ಸಮೀಕ್ಷೆಯಲ್ಲಿ ರಾಜ್ಯದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಕೊರತೆಯೂ ಅತಿಯೂ ಒಂದೇ ಊರಿನಲ್ಲಿ, ಎಷ್ಟೋ ಕಡೆ ಒಂದೇ ಮನೆಯಲ್ಲಿ.

ಇವೆರಡರ ನಂಟನ್ನು ಜಗತ್ತಿಗೆ ತೋರಿದವರಲ್ಲಿ ಮೈಸೂರಿಗೂ ಪಾಲಿದೆ. ಮಿಷನ್ ಆಸ್ಪತ್ರೆಯೆಂದು ಊರವರು ಕರೆಯುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ 1934ರಿಂದ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ದಾಖಲಿಸಿ ಜೋಪಾನವಾಗಿ ಇಟ್ಟಿತ್ತು. ಆ ಪುಸ್ತಕಗಳ ಜಾಡು ಹಿಡಿದು, ಬೆಳೆದು ನಡುವಯಸ್ಸು ದಾಟಿದ ಅದೇ ಜನರನ್ನು ಸಂಶೋಧಕರು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ತೂಕ ಕಡಿಮೆಯಿದ್ದವರಲ್ಲಿ ಹೃದ್ರೋಗ ಹೆಚ್ಚಾಗಿ ಕಂಡಿತು. ಭಾರತೀಯರ ದೇಹ ತೆಳುವಾಗಿ ಕಂಡರೂ ಒಳಗೆ ಕೊಬ್ಬು ಹೆಚ್ಚು ಎಂಬುದನ್ನು ಪುಣೆಯ ವೈದ್ಯ ಚಿತ್ತರಂಜನ ಯಾಜ್ಞಿಕ್ 2004ರಲ್ಲಿ ತಮ್ಮದೇ ದೇಹದ ಅಳತೆ ಕೊಟ್ಟು ತೋರಿಸಿದರು: ಎತ್ತರ-ತೂಕದ ಸೂಚ್ಯಂಕ ಸಮನಾಗಿದ್ದ ಬ್ರಿಟಿಷ್ ಸಹೋದ್ಯೋಗಿಯ ಮೈಯಲ್ಲಿ ಶೇ 9.1 ಕೊಬ್ಬು, ಅವರ ಮೈಯಲ್ಲಿ 21.2. ಗರ್ಭದಲ್ಲಿ ಕೊರತೆಯುಂಡ ದೇಹಕ್ಕೆ ಬಾಲ್ಯದಿಂದಲೇ ಸಕ್ಕರೆ, ಮೈದಾ ಸುರಿದರೆ ಅಪಾಯ ಇಮ್ಮಡಿ.

ಆದುದರಿಂದ ನಮ್ಮ ಕಾನೂನು ಒಂದು ಕೈಯಲ್ಲಿ ತಡೆಯುತ್ತ ಇನ್ನೊಂದು ಕೈಯಲ್ಲಿ ಉಣಿಸಬೇಕು. 2001ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟು ಶಾಲೆಗಳಲ್ಲಿ ಬಿಸಿಯೂಟ ಕಡ್ಡಾಯಗೊಳಿಸಿದ್ದು, ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ, ಬಾಳೆಹಣ್ಣು ಬಂದದ್ದು, ದಕ್ಷಿಣದ ಜಿಲ್ಲೆಗಳ ಪಡಿತರದಲ್ಲಿ ರಾಗಿ, ಉತ್ತರದಲ್ಲಿ ಜೋಳ ಸೇರಿದ್ದು ಇವೆಲ್ಲ ಬೊಜ್ಜಿನ ವಿರುದ್ಧದ ಕ್ರಮಗಳೂ ಹೌದು. ಒಳ್ಳೆಯ ಊಟ ಕೈಗೆ ಸಿಗದ ಕಡೆ ಕೆಟ್ಟದ್ದನ್ನು ತಡೆಯುವುದಷ್ಟೇ ಕಾನೂನಿನ ಕೆಲಸವೆಂದರೆ ಅದು ಬಡವರ ಮೇಲಿನ ಕ್ರೌರ್ಯವಾಗುತ್ತದೆ.

ರಾಜ್ಯಕ್ಕೆ ಇರುವ ಅಧಿಕಾರವೆಷ್ಟು? ಪೊಟ್ಟಣದ ಮೇಲೇನು ಬರೆಯಬೇಕೆಂಬುದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ ಕೈಯಲ್ಲಿದೆ. ರಾಜ್ಯದ ಆಹಾರ ಸುರಕ್ಷತಾ ಆಯುಕ್ತರಿಗೆ 2006ರ ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಯಾವುದೇ ಪದಾರ್ಥವನ್ನು ಒಂದು ವರ್ಷದವರೆಗೆ ನಿಷೇಧಿಸುವ ಅಧಿಕಾರವಿದೆ. 2013ರಲ್ಲಿ ಗುಟ್ಕಾ ನಿಷೇಧವಾದದ್ದು ಆ ಕಾಯ್ದೆಯ ಬಲದಿಂದ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿ ಮತ್ತು ಬೊಂಬಾಯಿ ಮಿಠಾಯಿಯ ಕೃತಕ ಬಣ್ಣಗಳಿಗೂ ತಡೆ ಬಿತ್ತು. ಬೊಜ್ಜಿನ ವಿಷಯಕ್ಕೆ ಈ ಅಸ್ತ್ರ ತಕ್ಕುದಲ್ಲ. ಹಾನಿಕರ ಬಣ್ಣವನ್ನು ನಿಷೇಧಿಸಬಹುದು, ಸಕ್ಕರೆಯನ್ನು ನಿಷೇಧಿಸಲಾಗದು. ತಳ್ಳುಗಾಡಿಯವರ ಮೇಲೆ ಮಾತ್ರ ಬೀಳುವ ನಿಷೇಧ ನ್ಯಾಯವೂ ಅಲ್ಲ.

ರಾಜ್ಯ ಮಾಡಬಹುದಾದ ಮೊದಲ ಕೆಲಸ ಶಾಲೆಯ ಸುತ್ತ ಇದೆ. ಸಕ್ಕರೆ, ಉಪ್ಪು, ಕೊಬ್ಬು ಹೆಚ್ಚಿರುವ ಆಹಾರವನ್ನು ಶಾಲೆಯಲ್ಲೂ ಅದರ ಗೇಟಿನಿಂದ 50 ಮೀಟರ್ ಒಳಗೂ ಮಾರುವಂತಿಲ್ಲ ಎಂಬ 2020ರ ಕೇಂದ್ರ ನಿಯಮ ಜಾರಿಯಲ್ಲಿದೆ. ದೆಹಲಿ ಹೈಕೋರ್ಟಿನಲ್ಲಿ 2010ರಲ್ಲಿ ಹೂಡಿದ ಅರ್ಜಿಯೊಂದರ ಫಲ ಅದು. ಆದರೆ ‘ಹೆಚ್ಚು’ ಎಂದರೆ ಎಷ್ಟು ಗ್ರಾಂ ಎಂಬ ಕಟ್ಟುನಿಟ್ಟಿನ ಗೆರೆ ಅದರಲ್ಲಿಲ್ಲ. ಗೆರೆಯಿಲ್ಲದೆ ಯಾವ ಅಧಿಕಾರಿ ಯಾವ ಅಂಗಡಿಯವರಿಗೆ ನೋಟಿಸು ಕೊಟ್ಟಾರು? ಚಿಲಿಯಂತೆ 100 ಗ್ರಾಂನ ಲೆಕ್ಕ ಬರಲೇಬೇಕು. ಅದು ಬರುವತನಕ ಸಿಹಿ ಪಾನೀಯ, ಕುರುಕಲು ಪೊಟ್ಟಣಗಳಂಥ ಸಂಶಯವಿಲ್ಲದ ಪದಾರ್ಥಗಳ ಪಟ್ಟಿಯನ್ನು ಶಿಕ್ಷಣ ಇಲಾಖೆಯೇ ಶಾಲೆಗಳಿಗೆ ಕಳುಹಿಸಬಹುದು.

ಎರಡನೆಯದು ಜಾಹೀರಾತಿನ ಜಾಗ. 2019ರ ಫೆಬ್ರುವರಿಯಲ್ಲಿ ಲಂಡನ್ನಿನ ಸಾರಿಗೆ ಸಂಸ್ಥೆ ತನ್ನ ಬಸ್ಸು, ಸುರಂಗ ರೈಲು, ನಿಲ್ದಾಣಗಳಲ್ಲಿ ಇಂಥ ಆಹಾರದ ಜಾಹೀರಾತನ್ನು ನಿಲ್ಲಿಸಿತು. ಅಲ್ಲಿನ ಒಂದೊಂದು ಮನೆಯ ಖರೀದಿಯಲ್ಲಿ ನಿರೀಕ್ಷಿತ ಮಟ್ಟಕ್ಕಿಂತ ವಾರಕ್ಕೆ ಸುಮಾರು 1,000 ಕ್ಯಾಲೊರಿ ಕಡಿಮೆಯಾಯಿತೆಂದು ನಂತರದ ಅಧ್ಯಯನ ಅಂದಾಜು ಮಾಡಿತು. ಜಾಹೀರಾತಿನ ಆದಾಯ ಕುಸಿಯುವುದೆಂಬ ಭಯವೂ ನಿಜವಾಗಲಿಲ್ಲ. ಕರ್ನಾಟಕದಲ್ಲಿ ನಾಲ್ಕು ಸಾರಿಗೆ ನಿಗಮಗಳ ಬಸ್ಸುಗಳು ಮತ್ತು ತಂಗುದಾಣಗಳು, ಬೆಂಗಳೂರಿನ ನಮ್ಮ ಮೆಟ್ರೊ ನಿಲ್ದಾಣಗಳು, ಸರ್ಕಾರಿ ಆಸ್ಪತ್ರೆಗಳ ಕ್ಯಾಂಟೀನುಗಳು ಎಲ್ಲವೂ ಸಾರ್ವಜನಿಕ ಸ್ವತ್ತು. ಇಲ್ಲಿ ಯಾರ ವ್ಯಾಪಾರದ ಹಕ್ಕನ್ನೂ ಮೊಟಕುಗೊಳಿಸಬೇಕಿಲ್ಲ, ಹೊಸ ಶಾಸನವನ್ನೂ ತರಬೇಕಿಲ್ಲ. ಮಾಲೀಕರು ತಮ್ಮ ಗೋಡೆಯ ಮೇಲೆ ಏನಿರಬೇಕೆಂದು ನಿರ್ಧರಿಸಿದಂತೆ ಅದು. ಜಾಹೀರಾತು ಗುತ್ತಿಗೆಗಳು ನವೀಕರಣಕ್ಕೆ ಬಂದಾಗ ಟೆಂಡರಿನ ಷರತ್ತುಗಳಿಗೆ ಒಂದು ಷರತ್ತು ಸೇರಿಸಿ, ಅದಕ್ಕೆ ಸಕ್ಕರೆ, ಸೋಡಿಯಂ, ಕೊಬ್ಬಿನ ಮಿತಿಗಳ ಪಟ್ಟಿಯೊಂದನ್ನು ಲಗತ್ತಿಸುವ ಅಧಿಕಾರ ಆಯಾ ನಿಗಮದ ಆಡಳಿತ ಮಂಡಳಿಗೆ ಇಂದೂ ಇದೆ.